ಬೆಳ್ಳಿ ತೊಟ್ಟಿಲು, ಪಾಲುಪಟ್ಟಿ, ಅತ್ತಿಗೆ ಮತ್ತು ನಾನು

ಇಪ್ಪತ್ತೆರಡು ವರ್ಷದಿಂದ ನಾನು ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿದ್ದೇನೆ. ‘ವಿಯೆನ್ನಾ ಸಮ್ಮೇಳನದ ಬಗ್ಗೆ ಟಿಪ್ಪಣಿ ಬರೆಯಿರಿ’ ಅನ್ನುವ ಪ್ರಶ್ನೆಗೆ ಎಷ್ಟು ಉತ್ತರ ತಿದ್ದಿದ್ದೇನೋ ಲೆಕ್ಕವಿಲ್ಲ. ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ ಸೋತ ಮೇಲೆ ಯುರೋಪಿನ ರಾಜರು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಸೇರಿ ಗಡಿ ಹಂಚಿಕೊಂಡ ಸಭೆ ಅದು. 1815 ಅಂತ ಬರೆದಿದ್ದರೆ ಒಂದು ಅಂಕ, ಆಸ್ಟ್ರಿಯಾದ ಮಂತ್ರಿ ಮೆಟರ್ನಿಕ್ ಹೆಸರಿದ್ದರೆ ಇನ್ನೊಂದು. ಊರನ್ನು ಮಾತ್ರ ನೋಡಿರಲಿಲ್ಲ.

ಅಣ್ಣನ ಮಗನಿಗೆ ವಿಯೆನ್ನಾದಲ್ಲಿ ಕೆಲಸ ಸಿಕ್ಕಿತು. ಮಗನನ್ನು ನೋಡಲು ಹೊರಟ ಅತ್ತಿಗೆ ನನ್ನನ್ನೂ ಎಳೆದುಕೊಂಡರು. ಅತ್ತಿಗೆಯ ತವರು ಶ್ರೀರಂಗಪಟ್ಟಣ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಅವರ ಮಾವ, ಅಂದರೆ ನಮ್ಮಪ್ಪ, ತೀರಿಕೊಂಡ ಮೇಲೆ ನಮ್ಮ ಮನೆಯ ಜಮೀನು ಪಾಲಾಯಿತಲ್ಲ, ಆಗ ಮೂರು ಜನ ಅಣ್ಣತಮ್ಮಂದಿರ ನಡುವೆ ತಲೆ ಒಡೆಯದ ಹಾಗೆ ನೋಡಿಕೊಂಡವರು ಇವರೇ. ಹಾಗಾಗಿ ಈ ಪ್ರವಾಸದಲ್ಲಿ ಪುಸ್ತಕದ ವಿಷಯ ಹೇಳಿದ್ದು ನಾನು, ಅರ್ಥ ಮಾಡಿಸಿದ್ದು ಹೆಚ್ಚಾಗಿ ಅವರು.

ಮೊದಲನೇ ದಿನ: ತೊಟ್ಟಿಲು

ಜೂನ್ ಮೊದಲ ವಾರ. ರಾತ್ರಿ ಒಂಬತ್ತಾದರೂ ಬೆಳಕು. ಹಿಂದಿನ ದಿನ ಬಂದವರಿಗೆ ನಿದ್ದೆಯೇ ಸರಿ ಆಗಿರಲಿಲ್ಲ. ಆದರೂ ಬೆಳಿಗ್ಗೆ ಅವಲಕ್ಕಿ ತಿಂದು, ಹುಡುಗ ಫೋನಿಗೆ ಹಾಕಿಕೊಟ್ಟ ಟಿಕೆಟ್ ಹಿಡಿದು ಹೋಫ್‌ಬರ್ಗ್ ಅರಮನೆಗೆ ಹೋದೆವು. ಆಸ್ಟ್ರಿಯಾ ಆಳಿದ ಹ್ಯಾಬ್ಸ್‌ಬರ್ಗ್ ಮನೆತನದವರು ಆರು ನೂರು ವರ್ಷಕ್ಕೂ ಜಾಸ್ತಿ ಇದ್ದ ಜಾಗ. ಎಲ್ಲ ನೋಡಲು ನಮ್ಮ ಮಂಡಿ ಬಿಡುವುದಿಲ್ಲ. ನೇರವಾಗಿ ಖಜಾನೆಗೆ ಹೋದೆವು.

ಅಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ, ಅಂದರೆ ಹೆಚ್ಚಾಗಿ ಜರ್ಮನ್ ರಾಜ್ಯಗಳೇ ಇದ್ದ ಹಳೆಯ ಒಕ್ಕೂಟದ ಕಿರೀಟ ಇದೆ. ಎಂಟು ಮೂಲೆಯದು, ಸಾವಿರ ವರ್ಷ ಹಳೆಯದು. ಅದರ ಕೊನೆಯ ಚಕ್ರವರ್ತಿ ಫ್ರಾನ್ಸಿಸ್ 1806ರ ಆಗಸ್ಟ್ 6ರಂದು ಪಟ್ಟ ಬಿಟ್ಟುಕೊಟ್ಟ. ನೆಪೋಲಿಯನ್ ಕಿತ್ತುಕೊಳ್ಳುತ್ತಾನೆ ಅನ್ನುವ ಭಯಕ್ಕೆ ತಾನೇ ಸಾಮ್ರಾಜ್ಯವನ್ನು ಮುಚ್ಚಿಬಿಟ್ಟ. ಅಷ್ಟರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಅನ್ನುವ ಹೊಸ ಪಟ್ಟವನ್ನು ಮಾಡಿಟ್ಟುಕೊಂಡಿದ್ದ ಅನ್ನಿ. ಜಾಣ.

ಅತ್ತಿಗೆ ಕಿರೀಟವನ್ನು ದಾಟಿ ಹೋಗಿ ಬೇರೆ ಕಡೆ ನಿಂತಿದ್ದರು. ಒಂದು ತೊಟ್ಟಿಲ ಮುಂದೆ.

“ಇದು ಬೆಳ್ಳಿನೇ ಅಲ್ವಾ?”

ಬೆಳ್ಳಿಯೇ. ಸುಮಾರು 280 ಕೆ.ಜಿ. ಮೇಲೆ ಚಿನ್ನದ ನೀರು. ಕಾಲ ಕಡೆ ಒಂದು ಮರಿ ಹದ್ದು ಕತ್ತೆತ್ತಿ ನೋಡುತ್ತಿದೆ. ನೆಪೋಲಿಯನ್‌ನ ಮಗನಿಗೆ ಪ್ಯಾರಿಸ್ ನಗರ ಕೊಟ್ಟ ಉಡುಗೊರೆ ಅದು. ಮಗು ಹುಟ್ಟಿದ್ದು 1811ರ ಮಾರ್ಚ್ 20ಕ್ಕೆ. ಹುಟ್ಟುತ್ತಲೇ ‘ರೋಮ್‌ನ ರಾಜ’ ಅನ್ನುವ ಬಿರುದು.

“ಅವನ ಮಗನ ತೊಟ್ಟಿಲು ಇವರ ಮನೇಲಿ ಯಾಕಿದೆ?”

ಯಾಕೆಂದರೆ ಅದು ಇವರ ಮೊಮ್ಮಗು. ಫ್ರಾನ್ಸಿಸ್ ನೆಪೋಲಿಯನ್‌ನ ಮೇಲೆ ಮತ್ತೆ ಮತ್ತೆ ಯುದ್ಧ ಮಾಡಿ ಸೋತ. 1805ರಲ್ಲೊಮ್ಮೆ, 1809ರಲ್ಲೊಮ್ಮೆ ವಿಯೆನ್ನಾ ಊರೇ ಫ್ರೆಂಚರ ಕೈಗೆ ಹೋಯಿತು. ಕೊನೆಗೆ ಹೊಸದಾಗಿ ವಿದೇಶಾಂಗ ಮಂತ್ರಿಯಾಗಿದ್ದ ಮೆಟರ್ನಿಕ್ ಬೇರೆ ದಾರಿ ಹಿಡಿದ. ಹೊಡೆಯಲು ಆಗದವನನ್ನು ಅಳಿಯ ಮಾಡಿಕೊಳ್ಳುವುದು. 18 ವರ್ಷದ ರಾಜಕುಮಾರಿ ಮರಿ ಲೂಯಿಸ್‌ಗೆ 40 ವರ್ಷದ ನೆಪೋಲಿಯನ್.

ಆ ಮದುವೆ ನಡೆದ ಆಗಸ್ಟಿನರ್ ಚರ್ಚ್ ಅಲ್ಲೇ ಪಕ್ಕದಲ್ಲಿದೆ. 1810ರ ಮಾರ್ಚ್ 11. ಮದುಮಗ ಬಂದಿರಲಿಲ್ಲ. ಅವನ ಬದಲು ನಿಂತವನು ಹುಡುಗಿಯ ಚಿಕ್ಕಪ್ಪ, ಆರ್ಚ್‌ಡ್ಯೂಕ್ ಕಾರ್ಲ್. ಹಿಂದಿನ ವರ್ಷ ಮೇ ತಿಂಗಳಲ್ಲಿ ಆಸ್ಪರ್ನ್ ಅನ್ನುವಲ್ಲಿ ನೆಪೋಲಿಯನ್‌ನನ್ನು ಯುದ್ಧದಲ್ಲಿ ಹಿಮ್ಮೆಟ್ಟಿಸಿದ್ದವನು ಇದೇ ಕಾರ್ಲ್! ಅತ್ತಿಗೆ ಚರ್ಚಿನೊಳಗೆ ಬಾಯಿಗೆ ಸೆರಗು ಹಿಡಿದು ನಕ್ಕರು. ಖಾಲಿ ಬೆಂಚಿನ ಮೇಲೆ ಕೂತು ನಾನೂ ನಕ್ಕೆ. ಕಾಲು ಬೇರೆ ನೋಯುತ್ತಿತ್ತು.

ಎರಡನೇ ದಿನ: ಪಾಲುಪಟ್ಟಿ

ಬಾಲ್‌ಹೌಸ್‌ಪ್ಲಾಟ್ಸ್ ಅನ್ನುವುದು ಅಂಥ ದೊಡ್ಡ ಚೌಕವೇನಲ್ಲ. ಹಿಂದೆ ಅಲ್ಲಿ ಚೆಂಡಾಟದ ಮನೆ ಇತ್ತಂತೆ, ಅದಕ್ಕೇ ಆ ಹೆಸರು. ನಂಬರ್ 2ರ ಕಟ್ಟಡದಲ್ಲಿ ಈಗ ಆಸ್ಟ್ರಿಯಾದ ಚಾನ್ಸಲರ್ ಕಚೇರಿ. ಆಗ ಮೆಟರ್ನಿಕ್‌ನ ಕಚೇರಿ. ಒಳಗೆ ಬಿಡುವುದಿಲ್ಲ. ಗೇಟಿನ ಪೊಲೀಸಪ್ಪ ನಮ್ಮ ಸೀರೆ ನೋಡಿ ಮುಗುಳ್ನಕ್ಕ, ಅಷ್ಟೇ. ಎದುರಿನ ಕಲ್ಲುಕಟ್ಟೆಯ ಮೇಲೆ ಕೂತು, ಹುಡುಗ ಕಟ್ಟಿಕೊಟ್ಟಿದ್ದ ಚಪಾತಿ ರೋಲ್ ತಿನ್ನುತ್ತಾ ಪಾಠ ಶುರು ಮಾಡಿದೆ.

1814ರ ಏಪ್ರಿಲ್‌ನಲ್ಲಿ ನೆಪೋಲಿಯನ್ ಪಟ್ಟ ಬಿಟ್ಟ. ಅವನನ್ನು ಎಲ್ಬಾ ದ್ವೀಪಕ್ಕೆ ಕಳಿಸಿದರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಯುದ್ಧ ಆಗಿತ್ತು. ಗಡಿಗಳೆಲ್ಲ ಅಳಿಸಿಹೋಗಿದ್ದವು. ಯಾರದು ಯಾರಿಗೆ ಅಂತ ತೀರ್ಮಾನ ಮಾಡಲು ಅದೇ ಸೆಪ್ಟೆಂಬರ್‌ನಲ್ಲಿ ಎಲ್ಲರೂ ಇಲ್ಲಿ ಸೇರಿದರು. ರಷ್ಯಾದ ಚಕ್ರವರ್ತಿ, ಅಂದರೆ ತ್ಸಾರ್, ಅಲೆಕ್ಸಾಂಡರ್, ಉತ್ತರ ಜರ್ಮನಿಯ ಪ್ರಷ್ಯಾದ ರಾಜ, ಬ್ರಿಟನ್ನಿನ ವಿದೇಶಾಂಗ ಮಂತ್ರಿ ಕ್ಯಾಸಲ್‌ರೇ, ಸೋತ ಫ್ರಾನ್ಸಿನಿಂದ ಅಲ್ಲಿನ ವಿದೇಶಾಂಗ ಮಂತ್ರಿ, ಕುಂಟು ಕಾಲಿನ ತಾಲೆರಾಂ. ಜೊತೆಗೆ ಚಿಕ್ಕಪುಟ್ಟ ರಾಜರು, ಅವರ ಹೆಂಡತಿಯರು, ಅಡುಗೆಯವರು, ಸಾಲ ಕೊಟ್ಟವರು. ನೂರಾರು ಕುಟುಂಬ.

“ಪಂಚಾಯ್ತಿದಾರರು ಯಾರು?”

ಇದೇ ಅತ್ತಿಗೆಯ ಮೊದಲ ಪ್ರಶ್ನೆ. ನನ್ನ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಪಂಚಾಯ್ತಿದಾರರು ಯಾರೂ ಇಲ್ಲ. ಪಾಲು ಕೇಳುವವರೇ ತೀರ್ಪುಗಾರರು. ಗೆದ್ದ ನಾಲ್ವರು, ಅಂದರೆ ಆಸ್ಟ್ರಿಯಾ, ಬ್ರಿಟನ್, ಪ್ರಷ್ಯಾ, ರಷ್ಯಾ ಒಳಗೆ ಕೂತು ಮಾತಾಡುವುದು, ಉಳಿದವರು ಹೊರಗೆ ಕುಣಿಯುವುದು ಅಂತ ಯೋಜನೆ. ತಾಲೆರಾಂ ಬಿಡಲಿಲ್ಲ. ಕರೆಯದೇ ಬಂದ ದಾಯಾದಿಯ ಹಾಗೆ ‘ಚಿಕ್ಕವರ ಗತಿ ಏನು?’ ಅಂತ ಅವರ ಪರ ನಿಂತು, ಬಾಗಿಲು ತೆರೆಸಿ, ತಾನು ಒಳಗೆ ಕೂತ. ಆಮೇಲೆ ಚಿಕ್ಕವರನ್ನು ಮರೆತ.

ಪುಸ್ತಕದಲ್ಲಿ ‘ಶಕ್ತಿ ಸಮತೋಲನ’ ಅಂತ ಬರೆದಿರುತ್ತದೆ. ಮಕ್ಕಳು ಅದನ್ನು ಉರು ಹೊಡೆಯುತ್ತಾರೆ. ಹಾಗಂದರೆ ತಕ್ಕಡಿಯಲ್ಲಿ ಯಾವ ತಟ್ಟೆಯೂ ಪೂರ್ತಿ ಕೆಳಗೆ ಹೋಗಬಾರದು, ಇನ್ನೊಬ್ಬ ನೆಪೋಲಿಯನ್ ಏಳಬಾರದು. ಅದಕ್ಕೆ ತೂಗಬೇಕು. ಏನನ್ನು ತೂಗುವುದು? ಒಂದು ಚದರ ಮೈಲಿ ಬರಡು, ಇನ್ನೊಂದು ಗದ್ದೆ. ಆಮೇಲೆ ಒಂದು ದಾರಿ ಕಂಡರು. 1814ರ ಡಿಸೆಂಬರ್‌ನಲ್ಲಿ ಅಂಕಿಅಂಶದ ಸಮಿತಿ ಅಂತ ಮಾಡಿದರು. ಯಾವ ಸೀಮೆಯಲ್ಲಿ ಎಷ್ಟು ‘ಆತ್ಮ’ ಇವೆ ಅಂತ ಲೆಕ್ಕ ಹಾಕುವುದು ಅದರ ಕೆಲಸ. ಆತ್ಮ ಅಂದರೆ ತಲೆ. ಪ್ರಷ್ಯಾ 1805ರಲ್ಲಿ ಎಷ್ಟು ತಲೆ ಆಳುತ್ತಿತ್ತೋ ಅಷ್ಟು ವಾಪಸ್ ಕೊಡಬೇಕು. ಅಲ್ಲಿ ಕಡಿಮೆ ಬಿದ್ದರೆ ಇಲ್ಲಿಂದ ತುಂಬು.

ಅತ್ತಿಗೆ ಚಪಾತಿ ಮಡಚಿಟ್ಟರು. “ನಮ್ಮನೇಲಿ ದನ ಹಂಚಿದ್ವಲ್ಲ, ಹಂಗೆ. ಹಾಲು ಕೊಡೋದು ಎಷ್ಟು, ಗೊಡ್ಡು ಎಷ್ಟು ಅಂತ. ದನಾನ ಯಾರಾದ್ರೂ ಕೇಳ್ತಾರಾ, ನಿಂಗೆ ಯಾರ ಕೊಟ್ಟಿಗೆ ಇಷ್ಟ ಅಂತ?”

ಈ ಒಂದು ಮಾತಿಗೆ ನಾನಾದರೆ ಐದಕ್ಕೆ ಐದು ಕೊಡುತ್ತಿದ್ದೆ. ಬೆಲ್ಜಿಯಂನವರನ್ನು ಡಚ್ ರಾಜನ ಕೊಟ್ಟಿಗೆಗೆ ಕಟ್ಟಿದರು. ಇಟಲಿಯ ಲೊಂಬಾರ್ಡಿ, ವೆನಿಸ್ ಆಸ್ಟ್ರಿಯಾಕ್ಕೆ. ಪೋಲೆಂಡಿನ ಬಹುಪಾಲು ತ್ಸಾರ್‌ಗೆ. ಜರ್ಮನಿಯ ಸ್ಯಾಕ್ಸನಿಯ ರಾಜ ನೆಪೋಲಿಯನ್ ಕಡೆ ಇದ್ದ ತಪ್ಪಿಗೆ ಅವನ ಪ್ರಜೆಗಳಲ್ಲಿ ಐದರಲ್ಲಿ ಎರಡು ಪಾಲು ಪ್ರಷ್ಯಾಕ್ಕೆ. ಅಲ್ಲಿನ ಜನರನ್ನು ಒಬ್ಬರೂ ಕೇಳಲಿಲ್ಲ.

ಈ ಪೋಲೆಂಡ್–ಸ್ಯಾಕ್ಸನಿ ಜಗಳ ಎಷ್ಟು ಜೋರಾಯಿತು ಅಂದರೆ, ಶಾಂತಿಗಾಗಿ ಸೇರಿದವರೇ ಯುದ್ಧದ ಮಾತಾಡಿದರು. 1815ರ ಜನವರಿ 3ರಂದು ಆಸ್ಟ್ರಿಯಾ, ಬ್ರಿಟನ್, ಫ್ರಾನ್ಸ್ ಸೇರಿ ರಷ್ಯಾ ಮತ್ತು ಪ್ರಷ್ಯಾ ವಿರುದ್ಧ ಗುಟ್ಟಾಗಿ ಒಪ್ಪಂದ ಮಾಡಿಕೊಂಡವು. ಮುಂದೆ ನೆಪೋಲಿಯನ್ ಎಲ್ಬಾದಿಂದ ತಪ್ಪಿಸಿಕೊಂಡು ಪ್ಯಾರಿಸ್ಸಿಗೆ ಬಂದಾಗ, ಓಡಿಹೋದ ಫ್ರೆಂಚ್ ರಾಜನ ಕಾಗದಗಳಲ್ಲಿ ಇದರ ಪ್ರತಿ ಸಿಕ್ಕಿತು. ಅವನು ಅದನ್ನು ನೇರ ತ್ಸಾರ್‌ಗೆ ಕಳಿಸಿದ, ‘ನೋಡಪ್ಪಾ ನಿನ್ನ ಗೆಳೆಯರನ್ನ’ ಅನ್ನುವ ಹಾಗೆ. ತ್ಸಾರ್ ಅದನ್ನು ಮೆಟರ್ನಿಕ್‌ಗೆ ತೋರಿಸಿ ಬೆಂಕಿಗೆ ಹಾಕಿದ ಅಂತ ಕಥೆ.

ಕುಣಿತದ ಕಡೆಗೂ ಹೋಗಿ ಬಂದೆವು. ಅರಮನೆಯ ರೆಡೌಟನ್ ಸಭಾಂಗಣದಲ್ಲಿ 1814ರ ನವೆಂಬರ್ 29ರಂದು ಬೀಥೋವನ್ ತನ್ನ ಏಳನೇ ಸಿಂಫನಿ ನುಡಿಸಿದ. ಜೊತೆಗೆ ವೆಲ್ಲಿಂಗ್ಟನ್‌ನ ಗೆಲುವಿನ ಮೇಲೆ ಬರೆದ ಡಾಂಡೂಂ ಸಂಗೀತ. ಕಿವಿ ಕೇಳಿಸದವನು ನಡೆಸಿಕೊಟ್ಟ ಕಚೇರಿ. ಇತ್ತ ‘ಸಮ್ಮೇಳನ ನಡೆಯುತ್ತಿಲ್ಲ, ಕುಣಿಯುತ್ತಿದೆ’ ಅಂತ ಮುದುಕ ಲಿನ್ಯ್ ರಾಜಕುಮಾರ ಅಂದ ಮಾತು ಊರಲ್ಲೆಲ್ಲ ಹರಡಿತ್ತು. ಪಾಪ, ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡ. ಪೊಲೀಸ್ ಮುಖ್ಯಸ್ಥ ಹಾಗರ್‌ನ ಕಡೆಯ ಕೆಲಸದ ಹೆಂಗಸರು ಅತಿಥಿಗಳ ಕಸದಬುಟ್ಟಿಯಿಂದ ಹರಿದ ಕಾಗದ ಹೆಕ್ಕಿ ತರುತ್ತಿದ್ದರು. ಅವನ್ನು ಜೋಡಿಸಿ ಬರೆದ ವರದಿ ಬೆಳಿಗ್ಗೆ ಚಕ್ರವರ್ತಿಯ ಮೇಜಿಗೆ ಹೋಗುತ್ತಿತ್ತು. “ಕಸ ಗುಡಿಸೋರಿಗೆ ಗೊತ್ತಿಲ್ಲದ್ದು ಯಾವ ಮನೇಲಿದೆ?” ಅಂದರು ಅತ್ತಿಗೆ.

ವೆಲ್ಲಿಂಗ್ಟನ್ ಹೆಸರು ಬಂದಾಗ ಅವರು ಕಿವಿ ನೆಟ್ಟಗೆ ಮಾಡಿದರು. “ನಮ್ಮೂರಿನ ವೆಲ್ಲೆಸ್ಲಿನಾ?”

ಅವನೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಊರಿನ ಉಸ್ತುವಾರಿ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸ ಮಾಡಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1815ರ ಫೆಬ್ರವರಿಯಲ್ಲಿ ಕ್ಯಾಸಲ್‌ರೇ ವಾಪಸ್ ಹೋದಾಗ ಅವನ ಜಾಗಕ್ಕೆ ವಿಯೆನ್ನಾಕ್ಕೆ ಬಂದವನು ಇವನೇ. ಅಷ್ಟರಲ್ಲಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿದ್ದ. ಟಿಪ್ಪುವಿಗೆ ನೆರವು ಕೊಡುವ ಆಸೆ ತೋರಿಸಿ ಕೈರೋದಿಂದ ನೆಪೋಲಿಯನ್ ಬರೆದ ಕಾಗದ ಬ್ರಿಟಿಷರ ಕೈಗೆ ಸಿಕ್ಕಿದ್ದೂ ಅದೇ 1799ರಲ್ಲಿ. ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಗಿಲ ತನಕ ಬಂದಿದೀವಿ, ಒಳಗೆ ಬಿಡಬಹುದಿತ್ತು” ಅಂದರು.

1815ರ ಮಾರ್ಚ್ 7ರ ಬೆಳಗಿನ ಕಥೆ ಹೇಳದೆ ಈ ದಿನ ಮುಗಿಸಲಾರೆ. ಹಿಂದಿನ ರಾತ್ರಿ ಮೂರರವರೆಗೂ ಸಭೆ. ಆರು ಗಂಟೆಗೆ ಆಳು ಒಂದು ತುರ್ತು ಕಾಗದ ತಂದ. ಜಿನೋವಾದಿಂದ ಬಂದಿದ್ದು. ಮೆಟರ್ನಿಕ್ ಅದನ್ನು ಪಕ್ಕದ ಮೇಜಿನ ಮೇಲಿಟ್ಟು ಮಗ್ಗುಲು ಬದಲಿಸಿದ. ನಿದ್ದೆ ಹತ್ತಲಿಲ್ಲ. ಒಂದೂವರೆ ಗಂಟೆ ಆದ ಮೇಲೆ ತೆರೆದು ನೋಡಿದರೆ, ನೆಪೋಲಿಯನ್ ಎಲ್ಬಾದಲ್ಲಿ ಇಲ್ಲ! ಇದನ್ನು ಅವನೇ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. ಒಂದು ಗಂಟೆಯೊಳಗೆ ಜಗಳ ಮರೆತು ಎಲ್ಲರೂ ಯುದ್ಧಕ್ಕೆ ಒಂದಾದರು. ಆದರೂ ಪಾಲುಪಟ್ಟಿ ಕೆಲಸ ನಿಲ್ಲಿಸಲಿಲ್ಲ. 121 ಕಲಮುಗಳ ಕೊನೆಯ ಪತ್ರಕ್ಕೆ ಜೂನ್ 9ರಂದು ಸಹಿ ಬಿತ್ತು. ನೆಪೋಲಿಯನ್ ಕೊನೆಯದಾಗಿ ಸೋತ ವಾಟರ್‌ಲೂ ಯುದ್ಧ ಅದಾಗಿ ಒಂಬತ್ತು ದಿನಕ್ಕೆ.

ಮೂರನೇ ದಿನ: ಹಕ್ಕಿ

ಶ್ಯೋನ್‌ಬ್ರುನ್ ಅರಮನೆಯಲ್ಲಿ ಜನವೋ ಜನ. ದಸರಾದಲ್ಲಿ ಮೈಸೂರು ಅರಮನೆಗೆ ಹೋದ ಹಾಗೆ. ಚಿನ್ನದ ಕೋಣೆ, ಕನ್ನಡಿ ಕೋಣೆ ಎಲ್ಲ ಬೇಗ ದಾಟಿದೆವು. ನಾನು ಬಂದಿದ್ದು ಒಂದೇ ಕೋಣೆಗೆ.

ಅದಕ್ಕೆ ನೆಪೋಲಿಯನ್ ಕೋಣೆ ಅಂತಲೇ ಹೆಸರು. ವಿಯೆನ್ನಾ ಗೆದ್ದಾಗ ಅವನು ಇಲ್ಲಿ ಮಲಗುತ್ತಿದ್ದ ಅನ್ನುತ್ತಾರೆ. ಅದೇ ಕೋಣೆಯಲ್ಲಿ 1832ರ ಜುಲೈ 22ರಂದು ಅವನ ಮಗ ಕ್ಷಯದಿಂದ ಸತ್ತ. 21 ವರ್ಷ. ಮೊನ್ನೆ ನೋಡಿದ ತೊಟ್ಟಿಲಿನ ಮಗು.

ಅಪ್ಪ ಸೋತ ಮೇಲೆ ಮಗುವನ್ನು ಅಜ್ಜನ ಮನೆಗೆ ತಂದರು. ಸಮ್ಮೇಳನ ನಡೆಯುವಾಗ ಅವನಿಗೆ ಮೂರು ವರ್ಷ. ತಾಯಿಗೆ ಇಟಲಿಯ ಪಾರ್ಮಾ ಕೊಟ್ಟರು, ಆದರೆ ಮಗನನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಹೆಸರೂ ಹೋಯಿತು. 1818ರಲ್ಲಿ ‘ರೈಖ್‌ಸ್ಟಾಟ್ ಡ್ಯೂಕ್’ ಅಂತ ಜರ್ಮನ್ ಬಿರುದು ಬಂತು. ಅವನು ಯಾವ ದೇಶದಲ್ಲಿ ಕಾಣಿಸಿಕೊಂಡರೂ ತಕ್ಕಡಿ ಅಲ್ಲಾಡುತ್ತದೆ ಅನ್ನುವ ಭಯ ಮೆಟರ್ನಿಕ್‌ಗೆ. ಅರಮನೆಯೇನೋ ಚೆನ್ನಾಗಿತ್ತು. ಹೊರಗೆ ಹೋಗುವ ಹಾಗಿರಲಿಲ್ಲ, ಅಷ್ಟೇ.

ಕೋಣೆಯಲ್ಲಿ ಅವನ ಸತ್ತ ಮುಖದ ಅಚ್ಚು ಇದೆ. ಪಕ್ಕದಲ್ಲಿ ಅವನು ಸಾಕಿದ್ದ ಪುಟ್ಟ ಹಕ್ಕಿ, ತಲೆಯ ಮೇಲೆ ಜುಟ್ಟು ಇರುವ ಬಾನಾಡಿ. ಒಳಗೆ ಹುಲ್ಲು ತುಂಬಿ ನಿಲ್ಲಿಸಿದ್ದಾರೆ. ಅವನಿಗಿದ್ದ ಒಬ್ಬನೇ ಗೆಳೆಯ ಅನ್ನುತ್ತಾರೆ. ನಾನು ಫೋಟೋ ತೆಗೆಯಲಿಲ್ಲ.

ಸಂಜೆ ಕಾಪುಚಿನ್ ಚರ್ಚಿನ ನೆಲಮಾಳಿಗೆಗೆ ಹೋದೆವು. ಹ್ಯಾಬ್ಸ್‌ಬರ್ಗ್‌ಗಳ ಶವಪೆಟ್ಟಿಗೆಗಳು ಸಾಲಾಗಿವೆ. ಫ್ರಾನ್ಸಿಸ್ ಇದ್ದಾನೆ, ಮರಿ ಲೂಯಿಸ್ ಇದ್ದಾಳೆ. ಮಗ ಇಲ್ಲ. 1940ರ ಡಿಸೆಂಬರ್‌ನಲ್ಲಿ ಹಿಟ್ಲರ್ ಅವನ ಪೆಟ್ಟಿಗೆಯನ್ನು ಪ್ಯಾರಿಸ್ಸಿಗೆ ಸಾಗಿಸಿದ, ಸೋತ ಫ್ರೆಂಚರನ್ನು ಖುಷಿಪಡಿಸಲು. ಅದಕ್ಕೂ ಅವನೇ ಬೇಕಾದ ನೋಡಿ. ಹೃದಯ ಮಾತ್ರ ಈ ಮನೆತನದ ಪದ್ಧತಿಯಂತೆ ಬೇರೆ ಪಾತ್ರೆಯಲ್ಲಿ ಆಗಸ್ಟಿನರ್ ಚರ್ಚಿನಲ್ಲೇ ಉಳಿದಿದೆ. ಅಮ್ಮ ಮದುಮಗನಿಲ್ಲದೆ ಮದುವೆಯಾದ ಚರ್ಚಿನಲ್ಲಿ. ಮೊನ್ನೆ ನಾವು ನಗುತ್ತಾ ಕೂತಿದ್ದೆವಲ್ಲ, ಅಲ್ಲೇ.

ಅತ್ತಿಗೆ ರಾತ್ರಿ ಮಗನಿಗೆ ಎರಡು ಸಲ ಊಟ ಬಡಿಸಿದರು. ಅವನಿಗೆ ಯಾಕೆ ಅಂತ ಗೊತ್ತಾಗಲಿಲ್ಲ.

ನಾಲ್ಕನೇ ದಿನ: ದಿಬ್ಬ

ಬೆಳಗಿನ ರೈಲಿಗೆ ಚೆಕ್ ದೇಶದ ಬ್ರನೋಗೆ ಹೊರಟೆವು. ಒಂದೂವರೆ ಗಂಟೆ. ಗಡಿ ದಾಟಿದ್ದು ಫೋನಿಗೆ ಬಂದ ಮೆಸೇಜಿನಿಂದ ಗೊತ್ತಾಯಿತು. ಅಲ್ಲಿಂದ ಬಸ್ಸಿನಲ್ಲಿ ಪ್ರಾತ್ಸೆ ಹಳ್ಳಿಗೆ. ಪುಸ್ತಕದ ಆಸ್ಟರ್ಲಿಟ್ಜ್ ಈಗ ಸ್ಲಾವ್ಕೋವ್. ಯುದ್ಧ ನಡೆದದ್ದು ಆ ಊರಿನ ಪಶ್ಚಿಮಕ್ಕೆ, ಈ ದಿಬ್ಬಗಳಲ್ಲಿ.

1805ರ ಡಿಸೆಂಬರ್ 2. ನೆಪೋಲಿಯನ್ ಕಿರೀಟ ಇಟ್ಟುಕೊಂಡು ಸರಿಯಾಗಿ ಒಂದು ವರ್ಷ. ಎದುರಿಗೆ ಫ್ರಾನ್ಸಿಸ್ ಮತ್ತು ತ್ಸಾರ್ ಅಲೆಕ್ಸಾಂಡರ್. ನೆಪೋಲಿಯನ್ ಬೇಕಂತಲೇ ಈ ಪ್ರಾತ್ಸೆನ್ ದಿಬ್ಬವನ್ನು ಬಿಟ್ಟುಕೊಟ್ಟ. ಬಲಗಡೆ ತನ್ನ ಸೈನ್ಯ ತೆಳ್ಳಗಿದೆ ಅಂತ ತೋರಿಸಿಕೊಂಡ. ಅದನ್ನು ಹಿಡಿಯಲು ಎದುರಾಳಿಗಳು ದಿಬ್ಬ ಇಳಿದು ಓಡಿದರು. ನಡು ಖಾಲಿಯಾಯಿತು. ಮಂಜಿನ ಮರೆಯಲ್ಲಿ ಕಾದಿದ್ದ ಫ್ರೆಂಚರು ಹತ್ತಿ ಬಂದರು. ಈಗ ಗೋಧಿ ಹೊಲ, ಎತ್ತರವೂ ಏನಿಲ್ಲ. ಈ ಏರನ್ನು ಹಿಡಿದದ್ದಕ್ಕೆ ಆ ಕ್ರಿಸ್‌ಮಸ್ ಮುಗಿಯುವುದರೊಳಗೆ ಆಸ್ಟ್ರಿಯಾ ವೆನಿಸ್ಸನ್ನೂ ಟಿರೋಲನ್ನೂ ಬಿಟ್ಟುಕೊಡಬೇಕಾಯಿತು.

ದಿಬ್ಬದ ಮೇಲೆ ಶಾಂತಿಯ ಸ್ಮಾರಕ ಇದೆ. ಒಬ್ಬ ಪಾದ್ರಿಯ ಆಸೆಯಿಂದ 1910ರಿಂದ 1912ರವರೆಗೆ ಕಟ್ಟಿದ್ದು. ಉದ್ಘಾಟನೆ ಆಗುವುದರೊಳಗೆ ಮೊದಲ ಮಹಾಯುದ್ಧ ಬಂತು. 1923ರವರೆಗೆ ಕಾಯಬೇಕಾಯಿತು. ಒಳಗೆ ಸತ್ತವರ ಮೂಳೆಗಳಿವೆ, ಯಾರ ಕಡೆಯವರು ಅಂತ ಭೇದ ಇಲ್ಲದೆ. ಇನ್ನೊಂದು ಮಜಾ ಇದೆ. ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರು ಮೂಲೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ವಿಜಯಪುರದ ಗೋಲ ಗುಮ್ಮಟ ನೆನಪಾಯಿತು. ನಾನು ಒಂದು ಮೂಲೆಗೆ ಹೋಗಿ ಕಿವಿ ಕೊಟ್ಟೆ. ಆ ಕಡೆಯಿಂದ ಅತ್ತಿಗೆಯ ದನಿ: “ಚಟ್ನಿಪುಡಿ ಡಬ್ಬ ರೈಲಲ್ಲೇ ಬಿಟ್ಟೆ ಕಣೇ.”

ಆ ರಾತ್ರಿ ಬ್ರನೋದಲ್ಲಿ ಕರಿದ ಚೀಸ್, ಆಲೂಗಡ್ಡೆ. ಚಟ್ನಿಪುಡಿ ಇಲ್ಲದೆ.

ಐದನೇ ದಿನ: ಸಾಕ್ಸು ಹೆಣೆಯುವ ಕವಿ

ಬ್ರನೋ ಊರಿನ ನಡುವೆ ಗುಡ್ಡ, ಗುಡ್ಡದ ಮೇಲೆ ಶ್ಪಿಲ್‌ಬೆರ್ಕ್ ಕೋಟೆ. ಈಗ ಮ್ಯೂಸಿಯಂ. ಆಗ ‘ರಾಷ್ಟ್ರಗಳ ಸೆರೆಮನೆ’.

1815ರಲ್ಲಿ ಕೊಟ್ಟಿಗೆ ಬದಲಿಸಿದವರು ಸುಮ್ಮನಿರಲಿಲ್ಲ ಅನ್ನುವುದಕ್ಕೆ ಈ ಕೋಟೆಯೇ ಸಾಕ್ಷಿ. 1819ರ ಮಾರ್ಚ್‌ನಲ್ಲಿ ಕಾರ್ಲ್ ಸ್ಯಾಂಡ್ ಅನ್ನುವ ವಿದ್ಯಾರ್ಥಿ ಮಾನ್‌ಹೈಮ್‌ನಲ್ಲಿ ಕೊಟ್ಸೆಬು ಅನ್ನುವ ನಾಟಕಕಾರನನ್ನು ಇರಿದು ಕೊಂದ. ಅದನ್ನೇ ನೆಪ ಮಾಡಿಕೊಂಡು ಮೆಟರ್ನಿಕ್ ಕಾರ್ಲ್ಸ್‌ಬಾಡ್‌ನಲ್ಲಿ ಜರ್ಮನ್ ರಾಜ್ಯಗಳನ್ನು ಸೇರಿಸಿ ಕಾನೂನು ತಂದ. ಪತ್ರಿಕೆಗೆ ಸೆನ್ಸಾರ್, ವಿಶ್ವವಿದ್ಯಾಲಯಕ್ಕೊಬ್ಬ ಸರ್ಕಾರಿ ಕಾವಲುಗಾರ, ಮೇಷ್ಟ್ರು ಏನು ಪಾಠ ಮಾಡುತ್ತಾರೆ ಅಂತ ನೋಡಲು. ನಾನು ಆಗ ಅಲ್ಲಿ ಇತಿಹಾಸ ಹೇಳುತ್ತಿದ್ದರೆ ಒಂದು ವಾರ ಉಳಿಯುತ್ತಿರಲಿಲ್ಲ.

1820ರ ಜನವರಿಯಲ್ಲಿ ಸ್ಪೇನಿನ ಸೈನಿಕರು ಸಂವಿಧಾನ ಬೇಕು ಅಂತ ಎದ್ದರು. ಜುಲೈನಲ್ಲಿ ನೇಪಲ್ಸ್. ಅಲ್ಲಿ ಕಾರ್ಬೊನಾರಿ ಅನ್ನುವ ಗುಪ್ತ ಸಂಘ. ಹಾಗಂದರೆ ಇದ್ದಿಲು ಸುಡುವವರು. ಮಿಲಾನಿನಲ್ಲಿ ಈ ನಂಟಿಗಾಗಿ ಸಿಕ್ಕಿಬಿದ್ದವನು ಸಿಲ್ವಿಯೊ ಪೆಲ್ಲಿಕೊ ಅನ್ನುವ ಕವಿ. ಮೊದಲು ಮರಣದಂಡನೆ, ಆಮೇಲೆ ಅದನ್ನು ಇಳಿಸಿ ಹದಿನೈದು ವರ್ಷ ಕಠಿಣ ಸೆರೆ. 1822ರಿಂದ 1830ರವರೆಗೆ ಇಲ್ಲಿ ಕೊಳೆತ. ಕಾಲಿಗೆ ಬೇಡಿ, ಕೈಗೆ ಕಡ್ಡಿ. ಸಾಕ್ಸು ಹೆಣೆಯಬೇಕು.

“ಕವಿ ಕೈಲಿ ಸಾಕ್ಸು!” ಅತ್ತಿಗೆಗೆ ಇದು ನಗೆಯಲ್ಲ. ಅವರು ಉಲ್ಲನ್ ಹೆಣೆಯುತ್ತಾರೆ. ಅಂಥ ಚಳಿ ಕತ್ತಲಲ್ಲಿ ಮನೆ ಎಣಿಸುವುದು ಹೇಗೆ ಅಂತ ಅವರ ಚಿಂತೆ.

ಅವನ ಗೆಳೆಯ ಮರೊಂಚೆಲ್ಲಿಯ ಕಾಲು ಇಲ್ಲಿ ಕೊಳೆತು, ಮಂಪರು ಔಷಧಿ ಇಲ್ಲದ ಕಾಲದಲ್ಲಿ ಅದನ್ನು ಕತ್ತರಿಸಬೇಕಾಯಿತು. ಮುಗಿದ ಮೇಲೆ ಅವನು ಕಿಟಕಿಯ ಹತ್ತಿರ ಇದ್ದ ಗುಲಾಬಿಯನ್ನು ತರಿಸಿ ವೈದ್ಯನಿಗೆ ಕೊಟ್ಟ, ‘ಕೊಡಲು ನನ್ನ ಹತ್ತಿರ ಬೇರೇನೂ ಇಲ್ಲ’ ಅಂತ. ಪೆಲ್ಲಿಕೊ ಹೊರಬಂದು 1832ರಲ್ಲಿ ಇದನ್ನೆಲ್ಲ ಬರೆದ. ಬೈಗುಳ ಇಲ್ಲ, ಕೂಗಾಟ ಇಲ್ಲ. ಯುರೋಪೆಲ್ಲ ಓದಿತು. ಯುದ್ಧದಲ್ಲಿ ಸೋತದ್ದಕ್ಕಿಂತ ಆ ಪುಸ್ತಕದಿಂದ ಆಸ್ಟ್ರಿಯಾದ ಮಾನ ಜಾಸ್ತಿ ಹೋಯಿತು ಅನ್ನುವ ಮಾತಿದೆ.

ಮಧ್ಯಾಹ್ನದ ರೈಲಿಗೆ ವಿಯೆನ್ನಾಕ್ಕೆ ವಾಪಸ್. ಸುಸ್ತಾಗಿದ್ದರೂ ಅತ್ತಿಗೆಯನ್ನು ಒಂದು ಜಾಗಕ್ಕೆ ಕರೆದುಕೊಂಡು ಹೋದೆ. ರೆನ್‌ವೆಗ್ ರಸ್ತೆ, ಮೆಟರ್ನಿಕ್‌ನ ಅರಮನೆ. ‘ಇಟಲಿ ಅನ್ನುವುದು ಬರೀ ಭೂಗೋಳದ ಹೆಸರು’ ಅಂತ 1847ರಲ್ಲಿ ಬರೆದ ಮಹಾನುಭಾವ. ಮರುವರ್ಷ ಮಾರ್ಚ್ 13ರಂದು ವಿದ್ಯಾರ್ಥಿಗಳು, ಕೆಲಸಗಾರರು ಬೀದಿಗಿಳಿದರು. 39 ವರ್ಷ ಕೂತ ಕುರ್ಚಿಯನ್ನು ಅವನು ಅದೇ ರಾತ್ರಿ ಬಿಟ್ಟ. ಲಂಡನ್‌ಗೆ ಓಡಿಹೋದ. ಅರಮನೆ ಈಗ ಇಟಲಿಯ ರಾಯಭಾರ ಕಚೇರಿ. ಹಸಿರು, ಬಿಳಿ, ಕೆಂಪು ಬಾವುಟ ಹಾರುತ್ತಿತ್ತು. ಅತ್ತಿಗೆ ಬೆಂಚಿನ ಮೇಲೆ ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಾ ಅದನ್ನೇ ನೋಡಿದರು. “ಆ ಸಾಕ್ಸು ಹೆಣೀತಿದ್ದೋನು ಇದನ್ನ ನೋಡಿದ್ನಾ?” ಇಲ್ಲ. ಪೆಲ್ಲಿಕೊ 1854ರಲ್ಲೇ ಹೋಗಿದ್ದ. ಇಟಲಿ ಒಂದು ದೇಶವಾಗಿದ್ದು 1861ರಲ್ಲಿ.

ಆರನೇ ದಿನ: ರೈಲು

ಇಡೀ ದಿನ ಲುಬ್ಲಿಯಾನಾ ರೈಲಿನಲ್ಲಿ. ಸೆಮ್ಮರಿಂಗ್ ಘಾಟಿ ಬಹಳ ಚೆನ್ನಾಗಿದೆ, ನಮ್ಮ ಸಕಲೇಶಪುರದ ಕಡೆಯ ಘಾಟಿ ಹಾಗೆ ಸೇತುವೆ, ಸುರಂಗ. ಈ ಹಳಿ ಹಾಕಲು ಶುರು ಮಾಡಿದ್ದೂ 1848ರಲ್ಲೇ. ಕೆಲಸ ಇಲ್ಲದೆ ಬೀದಿಯಲ್ಲಿ ಗಲಾಟೆ ಮಾಡುತ್ತಿದ್ದವರಿಗೆ ಗುದ್ದಲಿ ಕೊಟ್ಟು ಊರಿನಿಂದ ಬೆಟ್ಟಕ್ಕೆ ಕಳಿಸಿದ ಹಾಗೂ ಆಯಿತು.

ಲುಬ್ಲಿಯಾನಾದಲ್ಲಿ ನಾವು ಕಾಯ್ದಿರಿಸಿದ್ದ ಪುಟ್ಟ ಲಾಡ್ಜಿನವರು ‘ನಿಮ್ಮ ರೂಮು ನಾಳೆಗೆ’ ಅಂದರು. ನಾನು ಇಂಗ್ಲಿಷಿನಲ್ಲಿ ವಾದ ಮಾಡಿದೆ. ಅತ್ತಿಗೆ ಅಲ್ಲೇ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ “ನಾ ಏಳಲ್ಲ” ಅಂದರು. ಅರ್ಧ ಗಂಟೆಯಲ್ಲಿ ಅಟ್ಟದ ಮೇಲೆ ಒಂದು ಕೋಣೆ ಸಿಕ್ಕಿತು.

ಏಳನೇ ದಿನ: ಎರಡು ಚೌಕ, ಒಂದು ಸಂತೆ

ಲುಬ್ಲಿಯಾನಾ ಸ್ಲೊವೇನಿಯಾದ ರಾಜಧಾನಿ. ಆದರೂ ಗದ್ದಲ ಇಲ್ಲ. ಊರ ನಡುವೆ ಕೊಂಗ್ರೆಸ್ನಿ ತ್ರ್ಗ್, ಅಂದರೆ ಸಮ್ಮೇಳನದ ಚೌಕ. 1821ರ ಜನವರಿಯಿಂದ ಮೇವರೆಗೆ ತ್ಸಾರ್, ಫ್ರಾನ್ಸಿಸ್, ಮೆಟರ್ನಿಕ್ ಇಲ್ಲಿ ಸೇರಿದ್ದರು. ನೇಪಲ್ಸಿನ ರಾಜ ಫರ್ಡಿನಾಂಡ್‌ನನ್ನೂ ಕರೆಸಿದ್ದರು. ಅವನು ಊರಲ್ಲಿ ಸಂವಿಧಾನಕ್ಕೆ ಆಣೆ ಮಾಡಿ ಬಂದಿದ್ದ. ಇಲ್ಲಿ ಬಂದವನೇ ಆಣೆ ನುಂಗಿ ನೀರು ಕುಡಿದ. ಮಾರ್ಚ್‌ನಲ್ಲಿ ಆಸ್ಟ್ರಿಯಾದ ಸೈನ್ಯ ನೇಪಲ್ಸಿಗೆ ನುಗ್ಗಿತು. ಅದೇ ತಿಂಗಳು ಗ್ರೀಕರು ತುರ್ಕರ ಮೇಲೆ ಎದ್ದ ಸುದ್ದಿಯೂ ತ್ಸಾರ್‌ಗೆ ಇಲ್ಲೇ ಮುಟ್ಟಿತು. ಎದ್ದವನು ಅವನದೇ ಹಳೆಯ ಸೇನಾ ಸಹಾಯಕ ಇಪ್ಸಿಲಾಂಟಿ. ತ್ಸಾರ್ ಅವನನ್ನು ಕೈಬಿಟ್ಟ.

ಚೌಕದಲ್ಲಿ ಈಗ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಅಲ್ಲಿಂದ ವೇಗೊವಾ ರಸ್ತೆ ಹಿಡಿದು ಐದಾರು ನಿಮಿಷ ನಡೆದರೆ ಇನ್ನೊಂದು ಚೌಕ. ಹೆಸರು ಫ್ರೆಂಚ್ ಕ್ರಾಂತಿಯ ಚೌಕ. ನಡುವೆ ಕಲ್ಲಿನ ಕಂಬ. ಅದರ ಮೇಲೆ ಯಾರ ಮುಖ ಅಂದುಕೊಂಡಿರಿ? ನೆಪೋಲಿಯನ್‌ನದು! 1929ರಲ್ಲಿ ನಿಲ್ಲಿಸಿದ್ದು. ಹೆಸರಿಲ್ಲದ ಒಬ್ಬ ಫ್ರೆಂಚ್ ಸೈನಿಕನ ಬೂದಿಯೂ ಅದರಲ್ಲಿದೆ.

ಈ ಯಾತ್ರೆಯಲ್ಲಿ ನಾನು ಪೂರ್ತಿ ತಬ್ಬಿಬ್ಬಾದ ಜಾಗ ಇದು. ಒಂದು ವಾರದಿಂದ ನೆಪೋಲಿಯನ್ ಅಂದರೆ ಊರು ಮುತ್ತಿದವನು, ಗಡಿ ಅಳಿಸಿದವನು ಅಂತ ನೋಡಿಕೊಂಡು ಬಂದಿದ್ದೇವೆ. ಇಲ್ಲಿ ಅವನಿಗೆ ಕಂಬ. ಕಾರಣ ಭಾಷೆ. 1809ರಿಂದ 1813ರವರೆಗೆ ಇದು ಅವನ ಇಲಿರಿಯನ್ ಪ್ರಾಂತ್ಯಗಳ ರಾಜಧಾನಿ. ತೆರಿಗೆ ಹಾಕಿದ, ಹುಡುಗರನ್ನು ಸೈನ್ಯಕ್ಕೆ ಎಳೆದ. ಅದೆಲ್ಲ ನಿಜ. ಆದರೆ ಪ್ರಾಥಮಿಕ ಶಾಲೆಗೆ ಊರಿನ ಮಾತು ಬಂತು. ಅಲ್ಲಿಯವರೆಗೆ ಸ್ಲೊವೀನ್ ಅಡುಗೆಮನೆ ಮಾತು, ಹೊಲದ ಮಾತು. ಕಚೇರಿಯಲ್ಲಿ, ದೊಡ್ಡ ಶಾಲೆಯಲ್ಲಿ ಜರ್ಮನ್.

ಶಾಲೆಗಳ ಆ ಕೆಲಸಕ್ಕೆ ಹೆಗಲು ಕೊಟ್ಟವನು ವಾಲೆಂಟಿನ್ ವೋದ್ನಿಕ್ ಅನ್ನುವ ಪಾದ್ರಿ. ವ್ಯಾಕರಣ ಬರೆದ, ಸ್ಲೊವೀನ್ ಭಾಷೆಯ ಮೊದಲ ಪತ್ರಿಕೆ ನಡೆಸಿದ. 1811ರಲ್ಲಿ ನೆಪೋಲಿಯನ್‌ನನ್ನು ಹೊಗಳಿ ಪದ್ಯ ಬರೆದ, ನಮ್ಮ ನೆಲ ಎದ್ದಿತು ಅಂತ. ಎರಡು ವರ್ಷಕ್ಕೆ ಆಸ್ಟ್ರಿಯಾ ವಾಪಸ್ ಬಂತು. ಆ ಪದ್ಯಕ್ಕಾಗಿ ಅವನ ಕೆಲಸ ಹೋಯಿತು. ವಿಯೆನ್ನಾದ ಪಾಲುಪಟ್ಟಿಯಲ್ಲಿ ಈ ಸೀಮೆ ಒಂದು ಸಾಲು. ಇಷ್ಟು ಆತ್ಮ, ಆಸ್ಟ್ರಿಯಾಕ್ಕೆ.

ವೋದ್ನಿಕ್‌ನ ಪ್ರತಿಮೆ ಇರುವುದು ತರಕಾರಿ ಸಂತೆಯ ಪಕ್ಕ. ಹೋಗುವಷ್ಟರಲ್ಲಿ ಹನ್ನೊಂದು ಗಂಟೆ. ಚೆರ್ರಿ ಹಣ್ಣಿನ ರಾಶಿ, ಕುಂಬಳಬೀಜದ ಎಣ್ಣೆ, ಹಸಿ ಬೀನ್ಸು. ಅತ್ತಿಗೆ ಪ್ರತಿಮೆ ಕಡೆ ತಲೆ ಎತ್ತಲೂ ಇಲ್ಲ, ನೇರ ಬೀನ್ಸಿನ ಹತ್ತಿರ ಹೋದರು. ನಾನು ಹಿಂದೆ ಹೋಗಿ, “ಅತ್ತಿಗೆ, ಇವನು ಇನ್ನೊಂದು ಕೆಲಸ ಮಾಡಿದ್ದಾನೆ. 1799ರಲ್ಲಿ ಸ್ಲೊವೀನ್ ಭಾಷೆಯ ಮೊದಲ ಅಡುಗೆ ಪುಸ್ತಕ ಕೊಟ್ಟವನೂ ಇವನೇ” ಅಂದೆ.

ಆಗ ತಿರುಗಿ ನೋಡಿದರು. ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಪ್ರತಿಮೆಯ ಬುಡದವರೆಗೂ ಹೋದರು.

“ಜರ್ಮನ್‌ನಲ್ಲಿ ಇದ್ವಲ್ಲ, ಮತ್ತೆ ಯಾಕೆ ಬರೆದ?”

“ತಮ್ಮ ಮಾತಲ್ಲೂ ಇರಲಿ ಅಂತ.”

“ಉಪ್ಪಿಗೆ ಇವರ ಮಾತಲ್ಲಿ ಏನಂತಾರೆ, ಕೇಳು.”

ಬೀನ್ಸು ಮಾರುವ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅತ್ತಿಗೆ ಬೆರಳಿನಲ್ಲಿ ಚಿಟಿಕೆ ಹಿಡಿದು ನಾಲಿಗೆಗೆ ಇಟ್ಟ ಹಾಗೆ ಮಾಡಿ ತೋರಿಸಿದರು. ಅಜ್ಜಿ ನಕ್ಕಳು. “ಸೋಲ್” ಅಂದಳು. ಅತ್ತಿಗೆ ಎರಡು ಸಲ ಹೇಳಿ ಬಾಯಿಪಾಠ ಮಾಡಿಕೊಂಡು, ಅರ್ಧ ಕೆ.ಜಿ. ಬೀನ್ಸು ತೂಗಿಸಿದರು. ತಕ್ಕಡಿಯ ಮುಳ್ಳು ನಿಲ್ಲುವವರೆಗೂ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.